ಗೇಟ್‌ವೇಗೆ 15 ಸೆಕೆಂಡ್, ರಿಪೋರ್ಟ್‌ಗೆ 22

12 ಮಾರ್ಚ್ 2026, ಗುರುವಾರ

ನಮ್ಮ ಸರ್ವಿಸ್‌ಗಳಿಗೆ ಬರುವ ಕಾಲ್‌ಗಳೆಲ್ಲ ಒಂದೇ ಬಾಗಿಲಿನಿಂದ, ಅಂದರೆ ಗೇಟ್‌ವೇಯಿಂದ, ಹಾದುಹೋಗುವ ಹಾಗೆ ಮಾಡುತ್ತಿದ್ದೇವೆ. ರಿಪೋರ್ಟ್ ಸರ್ವಿಸನ್ನು ಇವತ್ತು ಸ್ಟೇಜಿಂಗ್‌ನಲ್ಲಿ (ನಿಜವಾದ ಬಳಕೆಗೆ ಮೊದಲು ಪರೀಕ್ಷಿಸುವ ಜಾಗ) ಗೇಟ್‌ವೇ ಹಿಂದೆ ತಂದೆವು. ಇನ್ನು ಉಳಿದಿರುವುದು ಫೈಲ್ ಅಪ್‌ಲೋಡ್ ಮತ್ತು ಹಳೇ ಬಿಲ್ಲಿಂಗ್.

ಇಲ್ಲಿಯವರೆಗೆ ನಮ್ಮ ಕ್ಲೌಡ್‌ನಲ್ಲಿ ಒಂದೊಂದು ಸರ್ವಿಸ್‌ಗೂ ಅದರದ್ದೇ ವಿಳಾಸ, ಅದರದ್ದೇ ಕೀ. ಸ್ಟೋರೇಜ್‌ಗೆ ಎಪಿಐ ಕೀ, ನೋಟಿಫಿಕೇಷನ್‌ಗೆ ಟೋಕನ್, ಬಿಲ್ಲಿಂಗ್‌ಗೆ ಯೂಸರ್‌ನೇಮ್, ಪಾಸ್‌ವರ್ಡ್. ಟೋಕನ್ ಅವಧಿ ಮುಗಿದರೆ ಒಂದು ಕಡೆ 401 (ಯಾರು ಅಂತ ಗೊತ್ತಾಗಲಿಲ್ಲ) ಬರುತ್ತಿತ್ತು, ಇನ್ನೊಂದು ಕಡೆ 403 (ಅನುಮತಿ ಇಲ್ಲ). ಒಂದು ಸರ್ವಿಸ್ ಅಂತೂ 200 (ಎಲ್ಲ ಸರಿ) ಕೊಟ್ಟು, ಉತ್ತರದ ಒಳಗಿನ ಜೇಸನ್ ಡೇಟಾದಲ್ಲಿ ಎರರ್ ಬರೆದು ಕಳಿಸುತ್ತಿತ್ತು. ಹೊಸದಾಗಿ ಸೇರಿದವರು ಯಾವುದನ್ನು ಹೇಗೆ ಕರೆಯಬೇಕು ಅಂತ ಟೀಮಿಂದ ಟೀಮಿಗೆ ಅಲೆಯುತ್ತಿದ್ದರು. ಅದನ್ನು ನೋಡಿ ನೋಡಿಯೇ ನಾನು ಈ ಕೆಲಸದ ಪರವಾಗಿ ಅಷ್ಟು ವಾದ ಮಾಡಿದ್ದು.

ರೂಟಿಂಗ್ ಏನೂ ಕಷ್ಟವಿಲ್ಲ, ಕಾನ್ಫಿಗ್‌ನಲ್ಲಿ ಕೆಲವೇ ಸಾಲು. ಕಷ್ಟ ಇರುವುದು ಟೈಮ್‌ಔಟ್‌ನಲ್ಲಿ, ಅಂದರೆ ಎಷ್ಟು ಹೊತ್ತು ಕಾದು ಕೈಬಿಡಬೇಕು ಅನ್ನುವ ಮಿತಿಯಲ್ಲಿ. ಗೇಟ್‌ವೇಗೆ ನಾವು ಬಳಸುವುದು ಎನ್ವಾಯ್ ಅನ್ನುವ ಸಾಫ್ಟ್‌ವೇರ್. ಒಂದು ರೂಟ್‌ಗೆ ಟೈಮ್‌ಔಟ್ ಬರೆಯದಿದ್ದರೆ ಅದು 15 ಸೆಕೆಂಡ್ ಅಂತ ಹಿಡಿಯುತ್ತದೆ. ತಿಂಗಳ ರಿಪೋರ್ಟ್ ತಯಾರಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಮಧ್ಯಾಹ್ನ ಒಂದು ಟ್ರೇಸ್ (ಒಂದು ರಿಕ್ವೆಸ್ಟ್ ಎಲ್ಲೆಲ್ಲಿ ಹೋಯಿತು ಅನ್ನುವ ದಾಖಲೆ) ತೆರೆದು ಕೂತೆವು. ರಿಕ್ವೆಸ್ಟ್ ಬಂತು, ರಿಪೋರ್ಟ್ ಸರ್ವಿಸ್ ಕೆಲಸ ಶುರು ಮಾಡಿತು. 15ನೇ ಸೆಕೆಂಡಿಗೆ ಗೇಟ್‌ವೇ 504 (ಸಮಯಕ್ಕೆ ಉತ್ತರ ಬರಲಿಲ್ಲ) ಕೊಟ್ಟು ಕೈಬಿಟ್ಟಿತು. ಕ್ಲೈಂಟ್ (ಕೇಳುವ ಕಡೆಯ) ಲೈಬ್ರರಿ ತಕ್ಷಣ ಅದೇ ಪೋಸ್ಟ್ ರಿಕ್ವೆಸ್ಟನ್ನು ಮತ್ತೆ ಕಳಿಸಿತು. ಇತ್ತ ಮೊದಲ ಕೆಲಸ ನಿಂತೇ ಇರಲಿಲ್ಲ. ಕೇಳಿದವರು ಹೊರಟುಹೋಗಿದ್ದಾರೆ ಅನ್ನುವುದನ್ನು ಆ ಕೋಡ್ ಎಲ್ಲೂ ನೋಡುವುದೇ ಇಲ್ಲ. 22ನೇ ಸೆಕೆಂಡಿಗೆ ಅದು ರಿಪೋರ್ಟ್ ಮುಗಿಸಿತು. ತೆಗೆದುಕೊಳ್ಳಲು ಯಾರೂ ಇರಲಿಲ್ಲ. ಅಷ್ಟರಲ್ಲಿ ಅದರ ಪಕ್ಕದಲ್ಲೇ ಎರಡನೇ ರಿಪೋರ್ಟ್ ಓಡುತ್ತಿತ್ತು. ಡೇಟಾಬೇಸ್ ಮೇಲೆ ಇಮ್ಮಡಿ ಭಾರ, ಬಳಕೆದಾರರ ಕೈಗೆ ಏನೂ ಇಲ್ಲ.

ಟೈಮ್‌ಔಟ್ 60 ಸೆಕೆಂಡ್ ಮಾಡಿಬಿಟ್ಟರೆ ಆಯ್ತಲ್ವಾ ಅಂತ ಒಬ್ಬರು ಕೇಳಿದರು. ಇವತ್ತಿಗೆ ಆಗುತ್ತದೆ. ಡೇಟಾ ಬೆಳೆದ ಹಾಗೆ 60 ಕೂಡ ಸಾಲುವುದಿಲ್ಲ. ಇಷ್ಟು ಹೊತ್ತು ಹಿಡಿಯುವ ಕೆಲಸಕ್ಕೆ ಕನೆಕ್ಷನ್ ಹಿಡಿದುಕೊಂಡು ಕಾಯುವುದೇ ಸರಿಯಲ್ಲ. ತಕ್ಷಣ 202 (ಕೆಲಸ ತೆಗೆದುಕೊಂಡಿದ್ದೇವೆ, ಇನ್ನೂ ಮುಗಿದಿಲ್ಲ) ಕೊಟ್ಟು, ಜೊತೆಗೆ ಒಂದು ಜಾಬ್ ಐಡಿ ಕೊಡಬೇಕು. ಮುಗಿಯಿತಾ ಅಂತ ಕ್ಲೈಂಟ್ ಆಗಾಗ ಕೇಳಿಕೊಳ್ಳಲಿ. ಪೋಸ್ಟ್ ಜೊತೆ ಐಡೆಂಪೊಟೆನ್ಸಿ ಕೀ (ಇದು ಅದೇ ರಿಕ್ವೆಸ್ಟ್ ಅಂತ ಗುರುತಿಸುವ ಗುರುತು) ಬಂದರೆ ಅದೇ ರಿಕ್ವೆಸ್ಟ್ ಮತ್ತೆ ಬಂದಾಗ ಹಳೇ ಜಾಬ್ ಐಡಿಯನ್ನೇ ಕೊಡಬಹುದು. ರಿಪೋರ್ಟ್ ಟೀಮ್ ಒಪ್ಪಿಕೊಂಡಿದೆ.

ಉಳಿದ ಸರ್ವಿಸ್‌ಗಳಿಗೆಲ್ಲ ಒಂದು ನಿಯಮ ಬರೆದಿಟ್ಟೆ: ಒಳಗಿನದ್ದು ಮೊದಲು ಕೈಬಿಡಬೇಕು, ಹೊರಗಿನದ್ದು ಆಮೇಲೆ. ಡೇಟಾಬೇಸ್ ಕ್ವೆರಿಯ ಮಿತಿ ಎಲ್ಲಕ್ಕಿಂತ ಕಡಿಮೆ, ಅದರ ಮೇಲೆ ಸರ್ವಿಸ್, ಅದರ ಮೇಲೆ ಗೇಟ್‌ವೇ, ಕೊನೆಗೆ ಕ್ಲೈಂಟ್. ಇದು ತಲೆಕೆಳಗಾದರೆ ಯಾರಿಗೂ ಬೇಡದ ಕೆಲಸ ಒಳಗೆ ನಡೆಯುತ್ತಲೇ ಇರುತ್ತದೆ.

ಸಂಜೆ ಇನ್ನೊಂದು ಚರ್ಚೆ. ಬೇರೆ ಟೀಮಿನವರು ಬಂದು, "ಹೇಗೂ ಎಲ್ಲ ಕಾಲ್‌ಗಳೂ ಇಲ್ಲಿಂದಲೇ ಹೋಗುತ್ವೆ, ರಿಯಾಯಿತಿ ಲೆಕ್ಕಾನೂ ಗೇಟ್‌ವೇಲೇ ಹಾಕಿಬಿಡೋಣ" ಅಂದರು. ನಾನು ಖಡಾಖಂಡಿತವಾಗಿ ಬೇಡ ಅಂದೆ. ಟೋಕನ್ ನೋಡುವುದು, ಮಿತಿ ಮೀರಿ ಕಾಲ್ ಮಾಡಿದವರಿಗೆ 429 (ತುಂಬಾ ರಿಕ್ವೆಸ್ಟ್ ಆಯ್ತು) ಕೊಡುವುದು, ಟ್ರೇಸ್ ಐಡಿ ಹಾಕುವುದು, ಸರಿಯಾದ ಸರ್ವಿಸ್‌ಗೆ ಕಳಿಸುವುದು. ಗೇಟ್‌ವೇ ಕೆಲಸ ಇಷ್ಟೇ ಇರಬೇಕು. ವ್ಯಾಪಾರದ ಲೆಕ್ಕ ಅಲ್ಲಿಗೆ ಬಂದರೆ ಬೆಲೆ ಬದಲಾದಾಗಲೆಲ್ಲ ಗೇಟ್‌ವೇ ಡಿಪ್ಲಾಯ್ ಮಾಡಬೇಕಾಗುತ್ತದೆ. ಅದರಲ್ಲಿ ಏನಾದರೂ ಎಡವಟ್ಟಾದರೆ ಲೆಕ್ಕಕ್ಕೆ ಸಂಬಂಧವೇ ಇಲ್ಲದ ಸರ್ವಿಸ್‌ಗಳೂ ಮಲಗುತ್ತವೆ. ಎಲ್ಲರೂ ಹಾದುಹೋಗುವ ಜಾಗ ಆದ್ದರಿಂದಲೇ ಅಲ್ಲಿ ಕೋಡ್ ಕಮ್ಮಿ ಇರಬೇಕು. ಸ್ವಲ್ಪ ಬೇಜಾರಾದರೂ ಅವರು ಒಪ್ಪಿದರು.

ಒಂದು ವಿಷಯ ಬೇರೆಯವರಿಗೂ ಉಪಯೋಗಕ್ಕೆ ಬಂದೀತು. ಟೋಕನ್ ನೋಡಿದ ಮೇಲೆ ನಮ್ಮ ಗೇಟ್‌ವೇ ಬಳಕೆದಾರರ ಐಡಿಯನ್ನು ಒಂದು ಹೆಡರ್‌ನಲ್ಲಿ (ರಿಕ್ವೆಸ್ಟ್ ಜೊತೆ ಹೋಗುವ ಹೆಚ್ಚುವರಿ ಮಾಹಿತಿಯ ಸಾಲು) ಒಳಗೆ ಕಳಿಸುತ್ತದೆ. ಹೊರಗಿನಿಂದ ಯಾರಾದರೂ ಅದೇ ಹೆಸರಿನ ಹೆಡರ್ ತಾವೇ ತುಂಬಿ ಕಳಿಸಿದರೆ? ಆದ್ದರಿಂದ ಬರುವ ರಿಕ್ವೆಸ್ಟ್‌ನಲ್ಲಿ ಆ ಹೆಡರ್ ಇದ್ದರೆ ಮೊದಲು ಕಿತ್ತುಹಾಕಿ, ಆಮೇಲೆ ನಮ್ಮದನ್ನು ಹಾಕುತ್ತೇವೆ. ಸರ್ವಿಸ್‌ಗಳು ಕೂಡ ಗೇಟ್‌ವೇ ಬಿಟ್ಟು ಬೇರೆ ಯಾರಿಂದಲೂ ಕಾಲ್ ತೆಗೆದುಕೊಳ್ಳದ ಹಾಗೆ ಎಂಟಿಎಲ್‌ಎಸ್ (ಎರಡೂ ಕಡೆಯವರು ಸರ್ಟಿಫಿಕೇಟ್ ತೋರಿಸಿ ಗುರುತು ಸಾಬೀತು ಮಾಡುವ ವಿಧಾನ) ಹಾಕಿದ್ದೇವೆ. ಒಳಗಿನ ನೆಟ್‌ವರ್ಕ್ ಅಂದ ಮಾತ್ರಕ್ಕೆ ನಂಬುವುದು ಬೇಡ.

ನಾಳೆ ಬಿಲ್ಲಿಂಗ್ ಸರದಿ. ಅದರ ಹಳೇ ವಿಳಾಸ ಯಾವತ್ತು ನಿಲ್ಲುತ್ತದೆ ಅಂತ ಪ್ರತಿ ಉತ್ತರದ ಸನ್‌ಸೆಟ್ ಹೆಡರ್‌ನಲ್ಲೂ ಹೇಳುತ್ತಿದ್ದೇವೆ. ಆದರೂ ರಾತ್ರಿ ಹೊತ್ತು ಯಾವುದೋ ಜಾಬ್ ಇನ್ನೂ ಅಲ್ಲಿಗೇ ಕಾಲ್ ಮಾಡುತ್ತಿದೆ. ಲಾಗ್‌ನಲ್ಲಿ ಐಪಿ ಸಿಕ್ಕಿದೆ, ಯಾವ ಟೀಮಿನದ್ದು ಅಂತ ಗೊತ್ತಾಗಿಲ್ಲ. ಬೆಳಗ್ಗೆ ಮೊದಲು ಅವರನ್ನು ಹುಡುಕಬೇಕು. ಅಲ್ಲಿಯವರೆಗೆ ಹಳೇ ವಿಳಾಸ ಬಂದ್ ಮಾಡುವುದಿಲ್ಲ.