ದಧಿಮುಖನ ಪರವಾಗಿ

ಬೆಳಿಗ್ಗೆ ತೋಟಕ್ಕೆ ಇಳಿದಾಗ ಬಾಳೆಗೊನೆ 26 ಇತ್ತು. ಹತ್ತು ಗಂಟೆಗೆ ಆಸರಿಗೆ ಅಂತ ಮನೆಗೆ ಹೋದೆ. ಒಂದು ಲೋಟ ಕಷಾಯ ಕುಡಿದು ವಾಪಸ್ ಬಂದರೆ 23. ಕಾಲು ಗಂಟೆ ಅಷ್ಟೇ. ಮೂರು ಗೊನೆಯನ್ನೂ ಮಂಗಗಳು ಪೂರ್ತಿ ತಿಂದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಒಂದೊಂದು ಕಾಯಿಗೆ ಒಂದೊಂದು ಕಚ್ಚು, ಆಮೇಲೆ ಕೆಳಗೆ ಬಿಸಾಡುವುದು. ಬಲಿಯದ ಕಾಯಿ, ಚೊಗರು. ಮೊದಲ ಕಾಯಲ್ಲೇ ಅವಕ್ಕೆ ಗೊತ್ತಾಗಿರುತ್ತದೆ. ಆದರೂ ಅಷ್ಟೂ ಕಾಯಿ ಕಚ್ಚಿ ನೋಡಲೇಬೇಕು.

ನಮ್ಮ ಊರು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ. ಎರಡು ಎಕರೆ ಅಡಿಕೆ ತೋಟ. ನಡುವೆ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಅದರಾಚೆ ಕಾಡು. ಇವರು ಸೊಸೈಟಿ, ಪೇಟೆ, ಅಡಿಕೆ ಕೊಯ್ಯುವ ಕೊನೆಗೌಡನ ಹುಡುಕಾಟ ಅಂತ ಓಡಾಡುತ್ತಾರೆ. ಮಂಗ ಕಾಯುವುದು ನನ್ನ ಕೆಲಸ. ನನ್ನ ಹತ್ತಿರ ಇರುವುದು ಒಂದು ಎಣ್ಣೆ ಡಬ್ಬ, ಒಂದು ಕೋಲು, ಒಂದು ಕ್ಯಾಟರ್‌ಬಿಲ್ಲು. ಕ್ಯಾಟರ್‌ಬಿಲ್ಲಿನಿಂದ ಇವತ್ತಿನವರೆಗೆ ಒಂದು ಮಂಗಕ್ಕೂ ಕಲ್ಲು ತಾಗಿಸಿದವಳಲ್ಲ ನಾನು. ಯಾವುದೋ ಅಡಿಕೆ ಮರಕ್ಕೆ ತಾಗಿ ಟಪ್ ಅನ್ನುತ್ತದೆ. ಅವು ಒಮ್ಮೆ ತಿರುಗಿ ನೋಡುತ್ತವೆ.

ಪಟಾಕಿ ಹೊಡೆದು ನೋಡಿದ್ದೇವೆ. ಪಿವಿಸಿ ಪೈಪಿನ ಗನ್ನು ತಂದಿದ್ದೆವು. ಅದರ ಸದ್ದಿಗೆ ಮಂಗಕ್ಕಿಂತ ಮೊದಲು ನಮ್ಮ ದನ ಹಗ್ಗ ಹರಿಯಿತು. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ತಮ್ಮ ನಾಯಿಗೆ ಹುಲಿಯ ಹಾಗೆ ಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದ್ದು ಪೇಪರಿನಲ್ಲಿ ಬಂದಿತ್ತು, ನೆನಪಿದೆಯಾ? ಊರೆಲ್ಲ ನಕ್ಕಿತು. ನಾನು ನಗಲಿಲ್ಲ. ನಮ್ಮ ನಾಯಿಯನ್ನು ಒಮ್ಮೆ ಅಳತೆ ಹಾಕಿ ನೋಡಿದೆ.

ಅತ್ತೆ ಇದ್ದಾಗ ಶನಿವಾರ ಡಬ್ಬ ಬಡಿಯುವ ಹಾಗಿರಲಿಲ್ಲ. "ಹನುಮಂತ ಬಂದಿದ್ದು, ಇವತ್ತೊಂದು ದಿನ ತಿನ್ನಲಿ" ಅನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ಅದೇ ಹನುಮಂತನಿಗೆ, ಅದೇ ಬಾಯಲ್ಲಿ, "ನಿನ್ನ ಮನೆ ಹಾಳಾಗ ಮಾರಾಯ!" ಅಂತ ಅಂಗಳದಿಂದಲೇ ಕೂಗುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇದು ತಮಾಷೆ ಅನ್ನಿಸುತ್ತಿತ್ತು. ಈಗ ಮೂವತ್ತು ವರ್ಷವಾಯಿತು. ನನ್ನ ಬಾಯಲ್ಲೂ ಅದೇ ಬರುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ರಾಮಾಯಣದಲ್ಲಿ ನನಗೆ ಜಾಸ್ತಿ ಹತ್ತಿರದವನು ಹನುಮಂತನೂ ಅಲ್ಲ, ವಾಲಿಯೂ ಅಲ್ಲ. ದಧಿಮುಖ. ಎಷ್ಟು ಜನಕ್ಕೆ ಈ ಹೆಸರು ಗೊತ್ತೋ ಏನೋ. ಸುಗ್ರೀವನ ಸೋದರಮಾವ. ಮಧುವನ ಅನ್ನುವ ತೋಟದ ಕಾವಲುಗಾರ.

ಸೀತೆಯನ್ನು ನೋಡಿಕೊಂಡು ಹನುಮಂತ ಲಂಕೆಯಿಂದ ಹಾರಿ ಬಂದ ಮೇಲೆ ಇವನ ಕತೆ ಬರುತ್ತದೆ. ಅಂಗದನ ಗುಂಪು ಕಿಷ್ಕಿಂಧೆಗೆ ವಾಪಸ್ ಹೊರಟಿದೆ. ದಾರಿಯಲ್ಲಿ ಮಧುವನ. ಸುಗ್ರೀವನ ಅಪ್ಪ, ಅಜ್ಜನ ಕಾಲದಿಂದ ಕಾಪಾಡಿಕೊಂಡು ಬಂದ ಜೇನಿನ ತೋಟ. ಅಂಗದ ಹ್ಞೂಂ ಅಂದದ್ದೇ ತಡ, ಎಲ್ಲರೂ ನುಗ್ಗಿದರು. ವಾಲ್ಮೀಕಿ ಇಲ್ಲಿ ಬರೆದಿರುವುದನ್ನು ಓದಿದರೆ, ಈ ಮನುಷ್ಯ ಖಂಡಿತ ಯಾವುದೋ ತೋಟದ ಅಂಚಿನಲ್ಲಿ ಕೂತು ನೋಡಿದ್ದಾನೆ ಅನ್ನಿಸುತ್ತದೆ. ಕೆಲವರು ಹಾಡುತ್ತಾರೆ, ಕೆಲವರು ಕುಣಿಯುತ್ತಾರೆ, ಕೆಲವರು ಸುಮ್ನೆ ನಗುತ್ತಾರೆ, ಕೆಲವರು ಬೀಳುತ್ತಾರೆ. ಕೊಳಗಗಟ್ಟಲೆ ಜೇನು ಕುಡಿಯುತ್ತಾರೆ. ಕುಡಿದು ಉಳಿದ ಮೇಣವನ್ನು ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಈ ಮೇಣ ಎಸೆಯುವುದು ಇದೆಯಲ್ಲ, ನನ್ನ ಕಚ್ಚಿದ ಬಾಳೆಕಾಯಿಯೂ ಅದೂ ಒಂದೇ.

ದಧಿಮುಖ ಬಂದ. ವಯಸ್ಸಾದವನು. ಮೊದಲು ಮಾತಿನಲ್ಲಿ ಹೇಳಿದ, ಆಮೇಲೆ ಗದರಿದ, ಕೊನೆಗೆ ಒಂದು ಮರ ಕಿತ್ತುಕೊಂಡು ಓಡಿದ. ಅಂಗದನಿಗೆ ಇವನು ಅಜ್ಜನಾಗಬೇಕು. ಅಮಲಿನಲ್ಲಿ ಅದೂ ತಿಳಿಯಲಿಲ್ಲ. ಹಿಡಿದು ನೆಲಕ್ಕೆ ಹಾಕಿ ಉಜ್ಜಿದ. ಮುದುಕ ಮೈಕೈ ನೋವು ಮಾಡಿಕೊಂಡು ಸುಗ್ರೀವನ ಹತ್ತಿರ ದೂರು ಒಯ್ದ. ಸುಗ್ರೀವ ಕೇಳಿ ಸಿಟ್ಟಾಗಲಿಲ್ಲ, ಖುಷಿಯಾದ! ಲಕ್ಷ್ಮಣನಿಗೆ ಹೇಳಿದ: ಕೆಲಸ ಆಗದೆ ಇವರು ಮಧುವನ ಮುಟ್ಟುವ ಧೈರ್ಯ ಮಾಡುವವರಲ್ಲ, ಸೀತೆ ಸಿಕ್ಕಿದ್ದಾಳೆ ಅಂತಲೇ ಲೆಕ್ಕ. ಆಮೇಲೆ ದಧಿಮುಖನಿಗೆ, ಹೋಗಿ ಅವರನ್ನೆಲ್ಲ ಬೇಗ ಕಳಿಸು ಅಂದ.

ಅಷ್ಟೇ. ದೂರು ಅಲ್ಲಿಗೆ ಮುಗಿಯಿತು.

ಮೊದಲ ಸಲ ಇದನ್ನು ಓದಿದಾಗ ನನಗೆ ಬಡಿದದ್ದು ಒಂದೇ ವಿಷಯ. ವಾನರರಿಗೂ ಒಂದು ತೋಟ ಇತ್ತು. ಆ ತೋಟಕ್ಕೂ ವಾನರರ ಕಾಟ ಇತ್ತು. ಕಾಯಲು ಕೂತವನೂ ಒಬ್ಬ ವಾನರನೇ.

ವಾನರ ಅಂದರೆ ಮಂಗ ಅಂತ ಸೀದಾ ಹೇಳಿಬಿಡಲು ಆಗುವುದಿಲ್ಲ. ಕಾಡಿನ ಹಣ್ಣು ತಿಂದು ಬದುಕುವವನು ಅಂತ ಒಂದು ಅರ್ಥ ಹೇಳುತ್ತಾರೆ. ನನಗೆ ಇಷ್ಟ ಇನ್ನೊಂದು: "ವಾ ನರಃ", ಇವನೇನು ಮನುಷ್ಯನಾ? ಹೆಸರೇ ಒಂದು ಪ್ರಶ್ನೆ. ಕಿನ್ನರ, ಕಿಂಪುರುಷ ಅನ್ನುವ ಹೆಸರೂ ಹಾಗೇ, ಇದೆಂಥ ನರ, ಇದೆಂಥ ಪುರುಷ ಅಂತ. ಕಾಡಿನೊಳಗೆ ಅರ್ಧಂಬರ್ಧ ಕಂಡು ಮಾಯವಾದದ್ದಕ್ಕೆ ಹಳಬರು ಪ್ರಶ್ನೆಯನ್ನೇ ಹೆಸರು ಮಾಡಿ ಇಟ್ಟರು. ಭಾಗವತದಲ್ಲಿ ಹನುಮಂತ ಇವತ್ತಿಗೂ ರಾಮನ ಪೂಜೆ ಮಾಡುತ್ತ ಇರುವ ಜಾಗದ ಹೆಸರು ಕಿಂಪುರುಷವರ್ಷ. ಸರಿಯಾದ ಕಡೆಗೇ ಕಳಿಸಿದ್ದಾರೆ.

ರಾಮಾಯಣದಲ್ಲಿ ಅವರ ಹುಟ್ಟೂ ಹಾಗೇ. ರಾವಣನನ್ನು ಕೊಲ್ಲಲು ರಾಮನಿಗೆ ಸಹಾಯ ಬೇಕು, ನೀವೆಲ್ಲ ವಾನರ ರೂಪದ ಮಕ್ಕಳನ್ನು ಹುಟ್ಟಿಸಿ ಅಂತ ಬ್ರಹ್ಮ ದೇವತೆಗಳಿಗೆ ಹೇಳುತ್ತಾನೆ. ಇಂದ್ರನಿಗೆ ವಾಲಿ, ಸೂರ್ಯನಿಗೆ ಸುಗ್ರೀವ, ವಿಶ್ವಕರ್ಮನಿಗೆ ನಳ, ಅಗ್ನಿಗೆ ನೀಲ, ವಾಯುವಿಗೆ ಹನುಮಂತ. ಜಾಂಬವಂತ ಮಾತ್ರ ಎಲ್ಲರಿಗಿಂತ ಮೊದಲಿನವನು, ಕರಡಿ, ಬ್ರಹ್ಮ ಆಕಳಿಸಿದಾಗ ಬಾಯಿಂದ ಹುಟ್ಟಿದವನು. ಆಕಳಿಕೆಯಿಂದ ಕರಡಿ! ಈ ಒಂದು ವಿಷಯಕ್ಕೆ ನಮ್ಮ ಮೊಮ್ಮಗ ಊಟ ಬಿಟ್ಟು ನಕ್ಕಿದ್ದಾನೆ.

ಹನುಮಂತನನ್ನೇ ನೋಡಿ. ಮೊದಲ ಸಲ ಮಾತಾಡಿದಾಗ ರಾಮ ಬೆರಗಾಗಿ ಲಕ್ಷ್ಮಣನಿಗೆ ಹೇಳುತ್ತಾನೆ, ಇವನು ವ್ಯಾಕರಣ ಪೂರ್ತಿ ಓದಿದವನು, ಇಷ್ಟು ಮಾತಾಡಿದರೂ ಒಂದು ತಪ್ಪು ಶಬ್ದ ಬರಲಿಲ್ಲ ಅಂತ. ಅದೇ ಹನುಮಂತ ಲಂಕೆಯಲ್ಲಿ ಮಂಡೋದರಿಯನ್ನು ನೋಡಿ ಇವಳೇ ಸೀತೆ ಅಂದುಕೊಂಡ ಕ್ಷಣ ಏನು ಮಾಡಿದ ಗೊತ್ತಾ? ಭುಜ ತಟ್ಟಿಕೊಂಡ, ಬಾಲಕ್ಕೆ ಮುತ್ತು ಕೊಟ್ಟ, ಹಾಡಿದ, ಕಂಬ ಹತ್ತಿ ಕೆಳಗೆ ಬಿದ್ದ. ಕಪಿಗಳ ಸ್ವಭಾವ ತೋರಿಸಿದ ಅಂತ ವಾಲ್ಮೀಕಿಯೇ ಬರೆದಿದ್ದಾನೆ. ವ್ಯಾಕರಣ ಪಂಡಿತ ಬಾಲಕ್ಕೆ ಮುತ್ತು ಕೊಟ್ಟ! ನನಗಂತೂ ಸಮುದ್ರ ಹಾರಿದ ಹನುಮಂತನಿಗಿಂತ ಇವನೇ ಹೆಚ್ಚು ಇಷ್ಟ.

ನನ್ನ ತವರು ಗೋಕರ್ಣದ ಹತ್ತಿರ. ಹನುಮಂತ ಸೀತೆಗೆ ತನ್ನ ಪರಿಚಯ ಹೇಳುವಾಗ ನಮ್ಮ ಕಡೆಯ ಹೆಸರು ಬರುತ್ತದೆ ಅಂತ ಅಪ್ಪಯ್ಯನಿಗೆ ಭಾರಿ ಹೆಮ್ಮೆ. ತನ್ನ ತಂದೆ ಕೇಸರಿ ಮಾಲ್ಯವಂತ ಬೆಟ್ಟದಿಂದ ಗೋಕರ್ಣ ಪರ್ವತಕ್ಕೆ ಹೋದ, ಅಲ್ಲಿ ಸಮುದ್ರದ ತೀರ್ಥದಲ್ಲಿ ದೇವರ್ಷಿಗಳ ಮಾತಿನಂತೆ ಶಂಬಸಾದನ ಅನ್ನುವವನನ್ನು ಕೊಂದ ಅನ್ನುತ್ತಾನೆ ಹನುಮಂತ. 2021ರಲ್ಲಿ ತಿರುಪತಿಯವರು ಹನುಮಂತ ಹುಟ್ಟಿದ್ದು ತಿರುಮಲದ ಅಂಜನಾದ್ರಿಯಲ್ಲಿ ಅಂದರು. ಅಲ್ಲ, ನಮ್ಮ ಅಂಜನಾದ್ರಿಯಲ್ಲಿ ಅಂತ ಆನೆಗೊಂದಿ ಕಡೆಯವರು. ಗೋಕರ್ಣದಲ್ಲಿ ಅಂತ ಇಲ್ಲಿಯವರು. ಅಪ್ಪಯ್ಯ ಇದ್ದಿದ್ದರೆ ಆ ಜಗಳದಲ್ಲಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ನನ್ನ ತೋಟಕ್ಕೆ ಬರುವವರು ಮೂರೂ ಕಡೆಗೆ ಸೇರಿದವರು ಅಂತ ನನ್ನ ಅಭಿಪ್ರಾಯ.

ಬರುವವರಲ್ಲಿ ಎರಡು ಜಾತಿ. ಕೆಂಪು ಮಂಗ, ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಕೂದಲು. ಇದಕ್ಕೆ ದವಡೆಯ ಎರಡೂ ಕಡೆ ಚೀಲ. ಸಿಕ್ಕಿದ್ದನ್ನು ತುಂಬಿಕೊಂಡು ಓಡಿಹೋಗಿ, ಮರದ ಮೇಲೆ ಕೂತು ನಿಧಾನಕ್ಕೆ ತಿನ್ನುತ್ತದೆ. ಎಳೆ ಅಡಿಕೆ ಚೀಪುವುದು ಹೆಚ್ಚಾಗಿ ಇದರದೇ ಕೆಲಸ. ಇನ್ನೊಂದು ಮುಸಿಯ, ಕರಿ ಮುಖ, ಉದ್ದ ಬಾಲ. ಇದಕ್ಕೆ ಚೀಲ ಇಲ್ಲ. ಚಿಗುರು, ಎಲೆ ಅಂದರೆ ಪ್ರೀತಿ. ಮರ್ಯಾದಸ್ಥ ಅನ್ನಿಸುತ್ತದೆ, ಸೋಗೆ ಮುರಿಯುವವರೆಗೆ.

ಮೂರನೆಯದು ತೋಟಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ನಮ್ಮ ಜಿಲ್ಲೆಯ ಕಾಡೇ ಉತ್ತರದ ಕಡೆ ಅದರ ಕೊನೆಯ ಗಡಿ. ಅಘನಾಶಿನಿ ಕೊಳ್ಳದಲ್ಲಿ 2011ರಲ್ಲಿ ಅದಕ್ಕೆ ಅಂತಲೇ ಸಂರಕ್ಷಿತ ಪ್ರದೇಶ ಮಾಡಿದರು. ಎರಡೇ ಸಲ ನೋಡಿದ್ದೇನೆ, ಎರಡೂ ಸಲ ಸಿದ್ದಾಪುರದ ಘಟ್ಟದ ಕಾಡಿನಲ್ಲಿ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ವೇಷ ಕಟ್ಟಿಕೊಂಡೇ ಹುಟ್ಟಿದ ವಾಲಿ! ಎತ್ತರದಿಂದ ಒಮ್ಮೆ ನೋಡಿತು, ಹೋಯಿತು. ನೀವು ನಮ್ಮ ಲೆಕ್ಕದಲ್ಲೇ ಇಲ್ಲ ಅನ್ನುವ ಹಾಗೆ.

ವಾಲಿ ಅಂದಮೇಲೆ ಭಾವನ ಸುದ್ದಿ ಹೇಳಬೇಕು. ನಮ್ಮ ಭಾವ ತಾಳಮದ್ದಳೆಯಲ್ಲಿ, ಅಂದರೆ ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಾರೆ. ಮಳೆಗಾಲದಲ್ಲಿ ಯಾರದ್ದಾದರೂ ಮನೆ ಜಗಲಿಯಲ್ಲಿ ಕೂಟ. ವಾಲಿವಧೆ ಆದರೆ ವಾಲಿ ಅವರದೇ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ? ನನ್ನ ಚರ್ಮ ಉಡುವ ಹಾಗಿಲ್ಲ. ಐದು ಉಗುರಿನ ಪ್ರಾಣಿಗಳಲ್ಲಿ ತಿನ್ನಬಹುದಾದದ್ದು ಐದೇ, ಉಡ, ಮೊಲ, ಆಮೆ ಅಂಥವು. ನಾನು ಅದರಲ್ಲೂ ಇಲ್ಲ. ಇದು ವಾಲ್ಮೀಕಿಯಲ್ಲೇ ಇರುವ ವಾದ. ರಾಮ ಎರಡು ಉತ್ತರ ಕೊಡುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದಕ್ಕೆ ಶಿಕ್ಷೆ. ಮತ್ತೆ, ನೀನು ಶಾಖಾಮೃಗ, ಮೃಗವನ್ನು ಮರೆಯಲ್ಲಿ ನಿಂತು ಹೊಡೆದರೆ ತಪ್ಪಿಲ್ಲ. ಭಾವ ಇಲ್ಲಿ ಬಿಡುವುದಿಲ್ಲ. "ಮೃಗ ಅಂತಾದರೆ ತಮ್ಮನ ಹೆಂಡತಿಯ ಲೆಕ್ಕ ಯಾಕೆ ಕೇಳಿದೆ? ಲೆಕ್ಕ ಕೇಳುವುದಾದರೆ ಎದುರಿಗೆ ಯಾಕೆ ಬರಲಿಲ್ಲ?" ಅಂತ ಅರ್ಧ ಗಂಟೆ ಹಿಡಿಯುತ್ತಾರೆ. ರಾಮನ ಅರ್ಥ ಹೇಳುವವರು ಆ ಹೊತ್ತಿಗೆ ಕವಳ ಹಾಕಲು ಶುರು ಮಾಡಿರುತ್ತಾರೆ.

ನಾನು ಜಗಲಿಯ ಮೂಲೆಯಲ್ಲಿ ಕೂತು ಯೋಚಿಸುತ್ತೇನೆ, ನಾನೂ ಮಾಡುವುದು ಅದನ್ನೇ ಅಲ್ವಾ? ಮಂಗಕ್ಕೆ "ನಾಚಿಕೆ ಆಗುವುದಿಲ್ಲವಾ ನಿನಗೆ?" ಅಂತ ಕೇಳುತ್ತೇನೆ. ಕೇಳುತ್ತಲೇ ಕೈಯಲ್ಲಿ ಕಲ್ಲು.

ಈ ಗೊಂದಲ ನಗುವ ವಿಷಯ ಅಲ್ಲದ ದಿನಗಳೂ ಬರುತ್ತವೆ. ಮೊದಲೆಲ್ಲ ಊರಿನಲ್ಲಿ ಮಂಗ ಸತ್ತರೆ ಹೂವು ಹಾಕಿ, ಕುಂಕುಮ ಹಚ್ಚಿ, ಹುಗಿದು ಬರುತ್ತಿದ್ದರು. ಈಗ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆಸ್ಪತ್ರೆಗೆ ತಿಳಿಸಿ ಅನ್ನುತ್ತಾರೆ. ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು. ಹೆಸರು ಮಂಗನದು, ಹರಡುವುದು ರಕ್ತ ಹೀರುವ ಉಣುಗು. ಅದು ಕಚ್ಚಿದರೆ ಮಂಗವೂ ಸಾಯುತ್ತದೆ, ಮನುಷ್ಯನೂ ಸಾಯಬಹುದು. ಸತ್ತ ಮಂಗದ ಮೈಯಿಂದ ಉಣುಗು ಉದುರಿ ಅಲ್ಲೇ ಸೊಪ್ಪಿನ ಮೇಲೆ ಕಾಯುತ್ತದೆ. ಸಿದ್ದಾಪುರ ಕಡೆ ಬೇಸಿಗೆ ಬಂದರೆ ಎಲ್ಲರಿಗೂ ಎದೆ ಡವಡವ. ಸೊಪ್ಪಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತೇವೆ. ಒಂದು ವರ್ಷ ನಮ್ಮ ಬೆಟ್ಟದ ಅಂಚಿನಲ್ಲಿ ಒಂದು ಮುಸಿಯ ಬಿದ್ದಿತ್ತು. ಆರೋಗ್ಯ ಇಲಾಖೆಯವರು ಮೈತುಂಬ ಮುಚ್ಚಿಕೊಂಡು ಬಂದು ಸುಟ್ಟರು, ಸುತ್ತ ಪುಡಿ ಎರಚಿದರು. ದೂರದಲ್ಲಿ ನಿಂತು ನೋಡಿದೆವು. ಅತ್ತೆ ತುಳಸಿ ಎಲೆ ಹಿಡಿದುಕೊಂಡು ಬಂದಿದ್ದರು. ಎಲ್ಲಿ ಹಾಕುವುದು ಗೊತ್ತಾಗದೆ ಕೈಯಲ್ಲೇ ಇಟ್ಟುಕೊಂಡು ವಾಪಸ್ ಬಂದರು. ಆ ವರ್ಷ ಮಳೆಗಾಲದವರೆಗೆ ತೋಟಕ್ಕೆ ಒಂದು ಮಂಗವೂ ಬರಲಿಲ್ಲ. ಬಾಳೆಗೊನೆ ಅಷ್ಟೂ ನಮಗೇ ಸಿಕ್ಕಿತು. ಯಾರೂ ಆ ಬಗ್ಗೆ ಮಾತಾಡಲಿಲ್ಲ.

ಈ ವರ್ಷ ನಮ್ಮ ಊರಿನ ಹೆಂಗಸರೂ ಒಂದು ತಾಳಮದ್ದಳೆ ಮಾಡುವವರಿದ್ದೇವೆ. ಪಾತ್ರ ಹಂಚುವಾಗ ನಾನು ದಧಿಮುಖ ಕೇಳಿದೆ. ಎಲ್ಲರೂ ನಕ್ಕರು. ಭಾವ ಪ್ರಸಂಗದ ಪ್ರತಿ ತಿರುಗಿಸಿ ನೋಡಿ, "ದಧಿಮುಖಂಗೆ ಇದರಲ್ಲಿ ಪದ್ಯವೇ ಇಲ್ಲೆ ತಂಗಿ" ಅಂದರು. ಪದ್ಯ ಇಲ್ಲದಿದ್ದರೆ ಬೇಡ, ನಾಲ್ಕು ಮಾತು ಆಡಲು ಬಿಡಿ ಅಂದೆ. ಕೊನೆಗೆ ಒಪ್ಪಿದರು. ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ.

ಈಗ ದಿನಾ ತೋಟದಲ್ಲಿ ಡಬ್ಬ ಮಗುಚಿ ಹಾಕಿ ಅದರ ಮೇಲೆ ಕೂತು ಅಭ್ಯಾಸ ಮಾಡುತ್ತೇನೆ. ಸುಗ್ರೀವನ ಎದುರು ನಿಂತು ಹೇಳಬೇಕಾದ ಮಾತು: "ಸೀತೆ ಸಿಕ್ಕಿದಳು, ಸಂತೋಷ. ನಾನೂ ಕುಣಿಯುತ್ತೇನೆ. ಆದರೆ ಅಳಿಯ, ಆ ಜೇನು ತುಂಬಲು ಎಷ್ಟು ವರ್ಷ ಹಿಡಿದಿತ್ತು ಅಂತ ನಿನಗೆ ಗೊತ್ತುಂಟಾ? ನನ್ನ ಸೊಂಟ ಯಾರು ತಿಕ್ಕುತ್ತಾರೆ?" ನಿನ್ನೆ ಇದನ್ನು ಜೋರಾಗಿ ಹೇಳುತ್ತಿದ್ದೆ. ಎದುರಿನ ಹಲಸಿನ ಮರದಲ್ಲಿ ಒಂದು ಗಡವ ಮಂಗ ಕೆರೆದುಕೊಳ್ಳುವುದು ನಿಲ್ಲಿಸಿ ಪೂರ್ತಿ ಕೇಳಿತು. ನಮ್ಮ ಭಾವನಿಗಿಂತ ತಾಳ್ಮೆ ಅದಕ್ಕೇ ಹೆಚ್ಚು.

ಕೂಟ ಮುಂದಿನ ಶನಿವಾರ. ಆ ದಿನ ಮಧ್ಯಾಹ್ನದಿಂದ ತೋಟ ಕಾಯಲು ಇವರು ಒಪ್ಪಿದ್ದಾರೆ. ಮನಸ್ಸಿನಿಂದ ಒಪ್ಪಿದ್ದಲ್ಲ. ಹೊರಡುವ ಮೊದಲು ಇವರ ಎದುರೇ ಗೊನೆ ಎಣಿಸಿ, ಸಂಖ್ಯೆಯನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಟ್ಟು ಹೋಗುವವಳು ನಾನು. ಸದ್ಯಕ್ಕೆ 23.