ಮ್ಯಾನೇಜರ್ ಕೈಯಿಂದ ಬರುವ ಪುಸ್ತಕ

ಗೆಳೆಯರು "ಇದನ್ನ ಓದು, ಚೆನ್ನಾಗಿದೆ" ಅಂತ ಪುಸ್ತಕ ಕೊಟ್ಟರೆ ಖುಷಿಯಾಗುತ್ತದೆ. ಅದೇ ಪುಸ್ತಕವನ್ನು ಮ್ಯಾನೇಜರ್ ಕೊಟ್ಟರೆ ಮೊದಲು ಬರುವ ಯೋಚನೆಯೇ ಬೇರೆ. ನನಗೇ ಯಾಕೆ ಕೊಟ್ಟರು? ನನ್ನಲ್ಲಿ ಏನು ಕಮ್ಮಿ ಕಂಡಿತು? ಕೊಟ್ಟವರ ಮನಸ್ಸಿನಲ್ಲಿ ಅಂಥದ್ದೇನೂ ಇರದೇ ಇರಬಹುದು. ಆದರೆ ರಜೆ, ಶಿಫ್ಟ್, ಅಪ್ರೈಸಲ್ ಎಲ್ಲ ಅವರ ಕೈಯಲ್ಲಿರುತ್ತದೆ. ಅದೇ ಕೈಯಿಂದ ಬಂದ ಪುಸ್ತಕವನ್ನು ಬೇರೆಯಾಗಿ ನೋಡುವುದು ಯಾರಿಗೂ ಸುಲಭವಲ್ಲ.

ನಾನು ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ಟೀಮ್ ನಡೆಸುತ್ತೇನೆ. ಓದುವುದು ನನಗೆ ಇಷ್ಟ, ಟೀಮಿನವರಿಗೆ ಪುಸ್ತಕ ಕೊಡುವುದೂ ಇಷ್ಟ. ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿ ಮನವರಿಕೆಯಾದ ವಿಷಯ ಒಂದೇ. ಮೊದಲು ಅವರ ಪ್ರಶ್ನೆ ಬರಬೇಕು, ಆಮೇಲೆ ನಮ್ಮ ಪುಸ್ತಕ. ಪ್ರಶ್ನೆ ಇಲ್ಲದ ಕಡೆ ಪುಸ್ತಕ ಕೊಟ್ಟರೆ ಅದು ಅಪ್ಪಣೆಯಾಗುತ್ತದೆ, ಇಲ್ಲವೇ ಟೀಕೆಯಾಗುತ್ತದೆ.

ಮೇಲಿನವರು ಕೆಳಗಿನವರಿಗೆ ಓದಲು ಕೊಡುವುದು ಇವತ್ತು ನಿನ್ನೆಯ ಅಭ್ಯಾಸವಲ್ಲ. 1899ರಲ್ಲಿ ಅಮೆರಿಕದ ಎಲ್ಬರ್ಟ್ ಹಬ್ಬರ್ಡ್ ಎಂಬ ಲೇಖಕ 'ಎ ಮೆಸೇಜ್ ಟು ಗಾರ್ಸಿಯಾ' ಎಂಬ ಸಣ್ಣ ಬರಹ ಬರೆದರು. ಕ್ಯೂಬಾದ ಬೆಟ್ಟಗಾಡಿನಲ್ಲಿ ಎಲ್ಲೋ ಇದ್ದ ಗಾರ್ಸಿಯಾ ಎಂಬ ದಂಡನಾಯಕನಿಗೆ ಒಂದು ಪತ್ರ ತಲುಪಿಸಬೇಕಿತ್ತು. ರೋವನ್ ಎಂಬ ಸೈನಿಕ "ಅವನು ಎಲ್ಲಿದ್ದಾನೆ" ಅಂತ ಕೂಡ ಕೇಳದೆ ಹೊರಟುಬಿಟ್ಟ ಎಂದು ಹೊಗಳುವ ಬರಹ ಅದು. ಜೊತೆಗೆ, ಒಂದು ಕೆಲಸ ಹೇಳಿದರೆ ಹತ್ತು ಪ್ರಶ್ನೆ ಕೇಳುವ ನೌಕರರ ಮೇಲೆ ದೊಡ್ಡ ದೂರು. ನ್ಯೂಯಾರ್ಕ್ ಸೆಂಟ್ರಲ್ ಎಂಬ ರೈಲ್ವೆ ಕಂಪನಿ ಅದರ ಪ್ರತಿಗಳನ್ನು ಲಕ್ಷಗಟ್ಟಲೆ ಹಂಚಿತು. ಎಷ್ಟೋ ಮಾಲೀಕರು ಕೊಂಡು ತಮ್ಮ ಕೆಲಸಗಾರರಿಗೆ ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದ ಕೆಲಸಗಾರನಿಗೆ ಅರ್ಥವಾಗಿದ್ದು ಏನಿರಬಹುದು? ಬಾಯಿ ಮುಚ್ಚಿಕೊಂಡು ಹೇಳಿದ್ದು ಮಾಡು ಅಂತ ತಾನೇ. ನನ್ನ ಕೆಲಸದಲ್ಲಂತೂ ಪ್ರಶ್ನೆ ಕೇಳದವರೇ ಹೆಚ್ಚು ಅಪಾಯ. ಗ್ರಾಹಕರ ಹಣ ಯಾವ ಖಾತೆಗೆ ವಾಪಸ್ ಹೋಗಬೇಕು ಅಂತ ಇನ್ನೊಮ್ಮೆ ಕೇಳುವವರು ನನಗೆ ಬೇಕು.

ಸುಮಾರು ನೂರು ವರ್ಷ ಕಳೆದ ಮೇಲೆ ಅದೇ ಕಥೆ ಇನ್ನೊಂದು ರೂಪದಲ್ಲಿ ಬಂತು. 1998ರಲ್ಲಿ ಸ್ಪೆನ್ಸರ್ ಜಾನ್ಸನ್ ಅವರ 'ಹೂ ಮೂವ್ಡ್ ಮೈ ಚೀಸ್' ಬಂದಾಗ ಕಂಪನಿಗಳು ಒಟ್ಟೊಟ್ಟಿಗೆ ಕೊಂಡು ಹಂಚಿದವು. ಬದಲಾವಣೆ ಬಂದಾಗ ಕೊರಗುತ್ತ ಕೂರಬೇಡಿ, ಹೊಸದನ್ನು ಹುಡುಕಿ ಹೊರಡಿ ಎನ್ನುವ ಪುಟ್ಟ ಕಥೆ. ಸ್ವಂತ ಇಷ್ಟದಿಂದ ಓದಿದ ಎಷ್ಟೋ ಜನರಿಗೆ ಅದರಿಂದ ಧೈರ್ಯ ಬಂದಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕೆಲಸದಿಂದ ತೆಗೆಯುವ ಹೊತ್ತಿನಲ್ಲಿ ಆಡಳಿತದವರೇ ಅದನ್ನು ಕೈಗಿಟ್ಟ ಕಡೆ ಜನ ಸಿಟ್ಟಾದರು. ಬೇರೆಯವರ ನಿರ್ಧಾರಕ್ಕೆ ನಾವು ಮನಸ್ಸು ಹೊಂದಿಸಿಕೊಳ್ಳಬೇಕಾ ಅಂತ ಅವರಿಗೆ ಅನಿಸಿತು. ಪುಸ್ತಕ ಅದೇ. ಕೊಟ್ಟವರು ಯಾರು, ಕೊಟ್ಟ ಹೊತ್ತು ಯಾವುದು ಎನ್ನುವುದರಿಂದ ಅದರ ಮಾತೇ ಬದಲಾಯಿತು.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಮ್ಯಾನೇಜರ್ ಒಬ್ಬರು ಪ್ರತಿ ತಿಂಗಳೂ ಇಡೀ ಟೀಮಿಗೆ ಒಂದು ಪುಸ್ತಕದ ಹೆಸರು ಮೇಲ್ ಮಾಡುತ್ತಿದ್ದರು. ತಿಂಗಳ ಕೊನೆಯ ಮೀಟಿಂಗಿನಲ್ಲಿ "ಯಾರ್ಯಾರು ಓದಿದ್ರಿ?" ಅಂತ ಕೇಳುತ್ತಿದ್ದರು. ಎಲ್ಲರೂ ಕೈ ಎತ್ತುತ್ತಿದ್ದರು. ಹಿಂದಿನ ದಿನ ರಾತ್ರಿ ಇಂಟರ್ನೆಟ್ಟಿನಲ್ಲಿ ಸಾರಾಂಶ ಹುಡುಕಿ, ಎರಡು ಸಾಲು ನೆನಪಿಟ್ಟುಕೊಂಡು ಬರುವುದು ನಮಗೆಲ್ಲ ರೂಢಿಯಾಗಿತ್ತು. ಅವರು ಒಳ್ಳೆಯವರು, ನಿಜವಾಗಿ ಓದುತ್ತಿದ್ದವರು. ಆದರೆ ನಮ್ಮಲ್ಲಿ ಯಾರಿಗೆ ಏನು ಬೇಕಾಗಿದೆ ಅಂತ ಯಾವತ್ತೂ ವಿಚಾರಿಸಲಿಲ್ಲ. ತಮಗೆ ಆ ತಿಂಗಳು ಹಿಡಿಸಿದ್ದನ್ನು ನಮಗೆಲ್ಲ ಕಳಿಸುತ್ತಿದ್ದರು. ಓದಿ ಇಷ್ಟವಾಗಲಿಲ್ಲ ಅಂತ ಹೇಳುವ ದಾರಿಯೂ ಇರಲಿಲ್ಲ.

ಇದಕ್ಕೆ ಎದುರಾಗಿ ನನಗೆ ಬಹಳ ಇಷ್ಟವಾಗುವ ಒಂದು ಪ್ರಸಂಗ ಇದೆ. 1991ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಕಟ್ಟಿದ ಬಿಲ್ ಗೇಟ್ಸ್‌ಗೆ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಪರಿಚಯವಾಯಿತು. ವ್ಯವಹಾರದ ಬಗ್ಗೆ ನಿಮಗೆ ಬಹಳ ಮೆಚ್ಚುಗೆಯಾದ ಪುಸ್ತಕ ಯಾವುದು ಅಂತ ಗೇಟ್ಸ್ ಕೇಳಿದರು. ಬಫೆಟ್ ಹೇಳಿದ್ದು ಜಾನ್ ಬ್ರೂಕ್ಸ್ ಅವರ 'ಬಿಸಿನೆಸ್ ಅಡ್ವೆಂಚರ್ಸ್'. ಹೇಳಿ ಸುಮ್ಮನಾಗಲಿಲ್ಲ, ತಮ್ಮ ಪ್ರತಿಯನ್ನೇ ಕಳಿಸಿಕೊಟ್ಟರು. 2014ರಲ್ಲಿ ಗೇಟ್ಸ್ ಇದನ್ನು ಬರೆದಾಗಲೂ ಆ ಪ್ರತಿ ಅವರ ಹತ್ತಿರವೇ ಇತ್ತು. ಅವರಿಬ್ಬರಲ್ಲಿ ಮೇಲೆ ಕೆಳಗೆ ಅಂತ ಏನೂ ಇರಲಿಲ್ಲ, ಸರಿ. ಆದರೂ ಇಲ್ಲಿ ನಾನು ಗಮನಿಸಿದ್ದು ಎರಡು. ಓದುವವರೇ ಕೇಳಿದರು. ಕೊಟ್ಟವರು ತಾವು ಓದಿದ್ದನ್ನೇ ಕೊಟ್ಟರು.

ನಮ್ಮ ಟೀಮಿನ ಒಂದು ಉದಾಹರಣೆ ಹೇಳುತ್ತೇನೆ.

ದೂರು ಬಗೆಹರಿಸುವುದರಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗಿಯೊಬ್ಬಳು ಶಿಫ್ಟಿನ ಲೀಡ್ ಆದಳು. ಆದ ಮೇಲೆ ಶುರುವಾಯಿತು ಕಷ್ಟ. ಬೇರೆಯವರು ಬರೆದ ಉತ್ತರಗಳನ್ನೆಲ್ಲ ಮತ್ತೆ ಓದುವುದು, ತಿದ್ದುವುದು, ಎಲ್ಲರೂ ಹೋದ ಮೇಲೂ ಕೂತಿರುವುದು. ಅವಳಿಗೆ ಆಗಲೇ ಒಂದು ಪುಸ್ತಕ ಕೊಡುವುದು ಸುಲಭವಿತ್ತು. ನಾನು ಕಾದೆ. ಒಂದು ದಿನ ನಾವಿಬ್ಬರೇ ಕೂತು ಮಾತಾಡುವಾಗ ಅವಳೇ ಹೇಳಿದಳು: "ಮೇಡಂ, ಯಾರ ಕೆಲಸ ಎಷ್ಟು ನೋಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ಎಲ್ಲಾ ನೋಡಿದ್ರೆ ನಂಬಿಕೆ ಇಲ್ಲ ಅಂದ್ಕೋತಾರೆ. ಬಿಟ್ರೆ ತಪ್ಪು ಹೊರಗೆ ಹೋಗುತ್ತೆ."

ನನಗೆ ಬೇಕಾಗಿದ್ದ ಪ್ರಶ್ನೆ ಅದೇ. ಇಂಟೆಲ್ ಕಂಪನಿಯನ್ನು ನಡೆಸಿದ ಆಂಡಿ ಗ್ರೋವ್ 1983ರಲ್ಲಿ ಬರೆದ 'ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್' ಪುಸ್ತಕದಲ್ಲಿ ಸರಿಯಾಗಿ ಇದರ ಮೇಲೆಯೇ ಒಂದು ಅಧ್ಯಾಯವಿದೆ. ಒಬ್ಬರು ಅನುಭವಸ್ಥರಾ, ಹೊಸಬರಾ ಅಂತ ಇಡೀ ಮನುಷ್ಯನನ್ನು ನೋಡಿ ತೀರ್ಮಾನಿಸಬೇಡಿ, ಕೈಯಲ್ಲಿರುವ ಆ ಒಂದು ಕೆಲಸದಲ್ಲಿ ಅವರು ಎಷ್ಟು ಪಳಗಿದ್ದಾರೆ ಅಂತ ನೋಡಿ ಎನ್ನುತ್ತಾರೆ ಗ್ರೋವ್. ಮಾರಾಟದಲ್ಲಿ ಗಟ್ಟಿಗರಾಗಿದ್ದವರು ಕಾರ್ಖಾನೆ ನಡೆಸಲು ಹೋದಾಗ ಶುರುವಿನಲ್ಲಿ ತಡವರಿಸುತ್ತಾರೆ. ಮನುಷ್ಯ ಅದೇ, ಕೆಲಸ ಹೊಸದು. ಕೆಲಸ ಹೊಸದಾದರೆ ಹತ್ತಿರ ನಿಂತು ಹೇಳಿಕೊಡಬೇಕು, ಪಳಗಿದ ಹಾಗೆ ದೂರ ಸರಿಯಬೇಕು.

ನನ್ನ ಪ್ರತಿಯಲ್ಲೇ ಆ ಅಧ್ಯಾಯಕ್ಕೆ ಒಂದು ಚೀಟಿ ಇಟ್ಟು ಕೊಟ್ಟೆ. ಚೀಟಿಯಲ್ಲಿ ಬರೆದದ್ದು ಇಷ್ಟು: "ಮೊನ್ನೆ ನೀವು ಕೇಳಿದ್ದಕ್ಕೆ. ಇದೊಂದೇ ಅಧ್ಯಾಯ ಸಾಕು, ಉಳಿದದ್ದು ಬೇಕಾದರೆ. ವಾಪಸ್ ಕೊಡಲು ಅವಸರವಿಲ್ಲ." ನಾನು ಪೆನ್ಸಿಲಿನಲ್ಲಿ ಗೆರೆ ಎಳೆದ ಕಡೆ, ಒಪ್ಪದೆ ಪ್ರಶ್ನೆಗುರುತು ಹಾಕಿದ ಕಡೆ, ಎಲ್ಲ ಹಾಗೇ ಬಿಟ್ಟೆ. ಮ್ಯಾನೇಜರ್ ಕೂಡ ಪುಸ್ತಕದ ಜೊತೆ ಜಗಳವಾಡುತ್ತಾರೆ ಅಂತ ಕಂಡರೆ ಓದುವವರಿಗೆ ಧೈರ್ಯ ಬರುತ್ತದೆ.

ಓದಿದ್ರಾ ಅಂತ ನಾನು ಕೇಳಲಿಲ್ಲ. ಕೆಲವು ದಿನ ಬಿಟ್ಟು ಅವಳೇ ಒಂದು ಹಾಳೆ ತಂದು ಮೇಜಿನ ಮೇಲೆ ಇಟ್ಟಳು. ಎಡಗಡೆ ಶಿಫ್ಟಿನವರ ಹೆಸರು. ಮೇಲ್ಗಡೆ ಕೆಲಸದ ಬಗೆಗಳು: ಹಣ ವಾಪಸ್, ತಡವಾದ ಡೆಲಿವರಿ, ಬಿಲ್ಲಿನ ತಪ್ಪು, ಸಿಟ್ಟಿನ ಕರೆ. ಪ್ರತಿ ಚೌಕದಲ್ಲೂ ಪೆನ್ಸಿಲಿನಲ್ಲಿ ಒಂದು ಗುರುತು. 'ಪ್ರತಿಯೊಂದೂ ನೋಡುವುದು', 'ಆಗಾಗ ನೋಡುವುದು', 'ಕೇಳಿದರೆ ಮಾತ್ರ'. ಟೀಮಿನ ಹಿರಿಯರೊಬ್ಬರ ಸಾಲಿನಲ್ಲಿ ಎಲ್ಲ ಚೌಕದಲ್ಲೂ 'ಕೇಳಿದರೆ ಮಾತ್ರ', ಆದರೆ ಹಣ ವಾಪಸಿನ ಕಡೆ 'ಪ್ರತಿಯೊಂದೂ ನೋಡುವುದು'. ಅದರ ನಿಯಮಗಳು ಆಗಷ್ಟೇ ಬದಲಾಗಿದ್ದವು. ಇನ್ನೂ ಒಂದು ಹೆಜ್ಜೆ ಅವಳದ್ದೇ. ಆ ಹಾಳೆಯನ್ನು ತನ್ನ ಹತ್ತಿರ ಇಟ್ಟುಕೊಳ್ಳದೆ ಪ್ರತಿಯೊಬ್ಬರನ್ನೂ ಕರೆದು ಅವರವರ ಸಾಲನ್ನು ತೋರಿಸಿ ಮಾತಾಡಿದಳು. ಇಬ್ಬರು "ಇದನ್ನ ನೀವು ನೋಡೋದು ಬೇಡ, ನನಗೆ ಬರುತ್ತೆ" ಅಂದರು. ಒಬ್ಬ ಹುಡುಗ "ಸಿಟ್ಟಿನ ಕರೆ ಬಂದಾಗ ನೀವು ಪಕ್ಕದಲ್ಲಿದ್ದರೆ ಒಳ್ಳೇದು" ಅಂತ ತಾನೇ ಕೇಳಿಕೊಂಡ. ಅವಳು ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಹೊರಡುವುದು ನೋಡಿ ನನಗೆ ಎಷ್ಟು ಸಮಾಧಾನವಾಯಿತೋ.

ಹೊತ್ತಿನ ವಿಷಯಕ್ಕೆ ಬರುತ್ತೇನೆ, ಇದು ಬಹಳ ಮುಖ್ಯ. ಕೆಲಸಕ್ಕೆ ಬೇಕಾದ ಓದು ಕೆಲಸದ ಹೊತ್ತಿನಲ್ಲೇ ಆಗಬೇಕು. ಮನೆಯಲ್ಲಿ ಪುಟ್ಟ ಮಗು ಇರುವವರು, ವಯಸ್ಸಾದವರನ್ನು ನೋಡಿಕೊಳ್ಳುವವರು, ದೂರದಿಂದ ಓಡಾಡುವವರು ರಾತ್ರಿ ಕೂತು ನಮ್ಮ ಪುಸ್ತಕ ಓದಬೇಕು ಅಂದರೆ ಹೇಗೆ? ಅಮೆಜಾನ್ ಕಂಪನಿ ಕಟ್ಟಿದ ಜೆಫ್ ಬೆಜೋಸ್ ಅಲ್ಲಿನ ಹಿರಿಯ ಅಧಿಕಾರಿಗಳಿಗೆ ಮೂರು ಪುಸ್ತಕ ಓದಿಸಿದಾಗ, ಒಂದೊಂದರ ಚರ್ಚೆಗೂ ಇಡೀ ದಿನ ಎತ್ತಿಟ್ಟಿದ್ದರು. 2013ರಲ್ಲಿ ಅವರೇ ಇದನ್ನು ಒಂದು ಸಂದರ್ಶನದಲ್ಲಿ ಹೇಳಿದ್ದಾರೆ. ನಮ್ಮಂಥ ಟೀಮಿಗೆ ಇಡೀ ದಿನ ಸಾಧ್ಯವಿಲ್ಲ. ದೂರುಗಳು ಕಡಿಮೆ ಬರುವ ಹೊತ್ತು ನೋಡಿ ವಾರಕ್ಕೆ ಒಂದು ಗಂಟೆ ನಾನು ಶಿಫ್ಟಿನ ಪಟ್ಟಿಯಲ್ಲೇ ಬರೆದಿಡುತ್ತೇನೆ. ಅರ್ಧ ಜನ ಫೋನ್ ನೋಡಿಕೊಳ್ಳುತ್ತಾರೆ, ಅರ್ಧ ಜನ ಓದುತ್ತಾರೆ, ಮುಂದಿನ ವಾರ ಅದಲು ಬದಲು. ಪಟ್ಟಿಯಲ್ಲಿ ಬರೆದಿರುವುದರಿಂದ ಯಾರೂ ಕದ್ದುಮುಚ್ಚಿ ಓದಬೇಕಾಗಿಲ್ಲ. ಆ ಗಂಟೆಯಲ್ಲಿ ಪುಸ್ತಕ ಬೇಡ ಅಂದವರು ಹೊಸ ನಿಯಮಗಳ ಕಡತ ನೋಡಬಹುದು, ಹಳೆಯ ದೂರುಗಳನ್ನು ಓದಬಹುದು. ಯಾರು ಏನು ಓದಿದರು ಅಂತ ಲೆಕ್ಕ ಇಡುವುದಿಲ್ಲ. ಅಪ್ರೈಸಲಿನಲ್ಲಿ ಪುಸ್ತಕದ ಮಾತೇ ಬರಬಾರದು ಎನ್ನುವುದು ನನ್ನ ಕಟ್ಟುನಿಟ್ಟು.

ಕೆಲವು ಪುಸ್ತಕ ನನಗೆ ಎಷ್ಟೇ ಇಷ್ಟವಾದರೂ ಟೀಮಿನವರಿಗೆ ಕೊಡುವುದಿಲ್ಲ. ದೇವರು, ಮದುವೆ, ಮಕ್ಕಳನ್ನು ಬೆಳೆಸುವುದು, ತೂಕ, ಮನೆಯ ಹಣಕಾಸು. ಇವೆಲ್ಲ ಅವರ ಬದುಕಿನ ವಿಷಯ. ಮ್ಯಾನೇಜರ್ ಅಲ್ಲಿಗೆ ಕೈ ಹಾಕಿದರೆ ಬೇಡ ಅನ್ನುವುದು ಅವರಿಗೆ ಕಷ್ಟವಾಗುತ್ತದೆ. ಸಿಟ್ಟು ಕಮ್ಮಿ ಮಾಡಿಕೊಳ್ಳುವುದು ಹೇಗೆ ಎನ್ನುವಂಥ ಪುಸ್ತಕವನ್ನೂ ಅಷ್ಟೇ. ಒಬ್ಬರ ಸಿಟ್ಟಿನಿಂದ ಕೆಲಸಕ್ಕೆ ತೊಂದರೆಯಾಗುತ್ತಿದ್ದರೆ ಎದುರು ಕೂರಿಸಿಕೊಂಡು ಬಾಯಿಬಿಟ್ಟು ಹೇಳಬೇಕು. ಹೇಳಲು ಹಿಂಜರಿದು ಪುಸ್ತಕವನ್ನು ಮುಂದೆ ಮಾಡುವುದು ಅವರಿಗೆ ಮಾಡುವ ಅನ್ಯಾಯ. ಎಲ್ಲರ ಮುಂದೆ ಒಬ್ಬರಿಗೇ ಪುಸ್ತಕ ಕೊಡುವುದೂ ಬೇಡ. ಅಕ್ಕಪಕ್ಕದವರು ಕಾರಣ ಹುಡುಕಲು ಶುರುಮಾಡುತ್ತಾರೆ.

ಇನ್ನು ಕೆಳಗಿನಿಂದ ಮೇಲಕ್ಕೆ ಬರುವ ಪುಸ್ತಕಗಳ ಬಗ್ಗೆ. ನನಗೆ ಇದೇ ಜಾಸ್ತಿ ಇಷ್ಟ. "ಹಣ ವಾಪಸ್ ಮಾಡುವಾಗ ಗೊತ್ತಿರುವವರೇ ಯಾಕೆ ತಪ್ಪು ಮಾಡ್ತಾರೆ?" ಅಂತ ಒಮ್ಮೆ ಟೀಮಿನ ಮುಂದೆ ನಾನೇ ಕೇಳಿದೆ. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಮಾರನೇ ದಿನ "ಮೇಡಂ, ಇದನ್ನ ನೋಡ್ತೀರಾ?" ಅಂತ ತಂದುಕೊಟ್ಟ. ಅತುಲ್ ಗವಾಂಡೆ ಎಂಬ ಶಸ್ತ್ರಚಿಕಿತ್ಸಕರು 2009ರಲ್ಲಿ ಬರೆದ 'ದ ಚೆಕ್‌ಲಿಸ್ಟ್ ಮ್ಯಾನಿಫೆಸ್ಟೊ'. ಅದರಲ್ಲಿ 1935ರ ಒಂದು ವಿಮಾನದ ಕಥೆ ಬರುತ್ತದೆ. ಬೋಯಿಂಗ್ ಕಂಪನಿಯ ಹೊಸ ದೊಡ್ಡ ವಿಮಾನ ಪರೀಕ್ಷೆಯ ಹಾರಾಟದಲ್ಲಿ ಮೇಲೇರುತ್ತಲೇ ಬಿದ್ದುಹೋಯಿತು. ನಡೆಸುತ್ತಿದ್ದವರು ಬಹಳ ಪಳಗಿದ ಪೈಲಟ್. ಹೊರಡುವ ಮೊದಲು ಒಂದು ಲಾಕ್ ಬಿಚ್ಚಬೇಕಿತ್ತು, ಅದು ಮರೆತುಹೋಗಿತ್ತು. ಆಮೇಲೆ ಪೈಲಟ್‌ಗಳಿಗೆ ಇನ್ನಷ್ಟು ತರಬೇತಿ ಕೊಡುವ ಬದಲು, ಹೊರಡುವ ಮುಂಚೆ ನೋಡಿಕೊಳ್ಳಬೇಕಾದ ಅಂಶಗಳ ಚಿಕ್ಕ ಪಟ್ಟಿ ಮಾಡಿದರು.

ನಾನು ಓದಿ ಮುಗಿಸಿದ ಮೇಲೆ ಅವನನ್ನೇ ಕೂರಿಸಿಕೊಂಡು ನಮ್ಮ ಪಟ್ಟಿ ಬರೆದೆವು. ಗ್ರಾಹಕರ ಹೆಸರು, ಖಾತೆ, ಮೊತ್ತ, ಮೊದಲೇ ಒಮ್ಮೆ ಹಣ ಹೋಗಿದೆಯಾ, ಮೇಲಿನವರ ಒಪ್ಪಿಗೆ ಬೇಕಾ. ಐದೇ ಸಾಲು. ಈಗ ಅದು ಪ್ರತಿಯೊಬ್ಬರ ಕಂಪ್ಯೂಟರ್ ಪರದೆಯ ಅಂಚಿಗೆ ಅಂಟಿದೆ. ಯಾರ ಐಡಿಯಾ ಅಂತ ಯಾರಾದರೂ ಕೇಳಿದರೆ ಅವನ ಹೆಸರೇ ಹೇಳುತ್ತೇನೆ. ಅದರ ನಂತರ ಉಳಿದವರೂ ನನಗೆ ಓದಲು ಏನೇನೋ ತಂದುಕೊಡಲು ಶುರುಮಾಡಿದರು. ಎಲ್ಲ ನನಗೆ ಹಿಡಿಸುವುದಿಲ್ಲ. ಹಿಡಿಸದಿದ್ದರೆ ಯಾಕೆ ಅಂತ ಹೇಳುತ್ತೇನೆ, ಅವರೂ ನಾನು ಕೊಟ್ಟದ್ದು ಹಿಡಿಸದಿದ್ದರೆ ಈಗೀಗ ಮುಖಕ್ಕೇ ಹೇಳುತ್ತಾರೆ. "ಮೇಡಂ, ಎಳೆದಿದ್ದಾರೆ ಅಷ್ಟೇ, ಹತ್ತು ಪುಟದ ವಿಷಯ" ಅಂತ ಒಬ್ಬರು ಅಂದಾಗ ನನಗೂ ಹೌದಲ್ವಾ ಅನ್ನಿಸಿತ್ತು.

ಓದುವುದೇ ಇಷ್ಟವಿಲ್ಲದವರೂ ನನ್ನ ಟೀಮಿನಲ್ಲಿದ್ದಾರೆ. ಅವರಲ್ಲಿ ಒಬ್ಬರಂತೂ ಎಂಥ ಸಿಟ್ಟಿನ ಗ್ರಾಹಕರನ್ನೂ ಎರಡು ಮಾತಿನಲ್ಲಿ ತಣ್ಣಗೆ ಮಾಡುತ್ತಾರೆ. ಎಷ್ಟು ಪುಸ್ತಕ ಓದಿದರೂ ಹಾಗೆ ಮಾಡುವುದು ನನಗೆ ಬಂದಿಲ್ಲ. ಅವರಿಗೆ ಏನಾದರೂ ಸಂದೇಹ ಬಂದಾಗ ನಾನು ಪುಸ್ತಕ ಹುಡುಕುವುದಿಲ್ಲ. ಓದಿದ್ದರಲ್ಲಿ ಅದಕ್ಕೆ ಬೇಕಾದಷ್ಟನ್ನು ಪಕ್ಕದಲ್ಲಿ ಕೂತು ಬಾಯಲ್ಲೇ ಹೇಳುತ್ತೇನೆ, ಅವರು ಕರೆಗಳನ್ನು ನಿಭಾಯಿಸುವುದನ್ನು ಹೊಸಬರು ಹೆಡ್‌ಫೋನ್ ಹಾಕಿಕೊಂಡು ಕೇಳಲಿ ಅಂತ ಅದೇ ಓದುವ ಗಂಟೆಯಲ್ಲಿ ಕೂರಿಸುತ್ತೇನೆ.