ಕೆಣಕಿದರೆ, ಗದರಿದರೆ, ಹೊಗಳಿದರೆ

ಬುಧವಾರ, 7 ಆಗಸ್ಟ್ 2024

ಬಿ.ಎ. ಅಂತಿಮ ವರ್ಷದ ಮನೋವಿಜ್ಞಾನದ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಇಂದು ಸಂಜೆ ತಿದ್ದಿ ಮುಗಿಸಿದೆ. ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ವಾಕ್ಯವನ್ನು ಬರೆದಿದ್ದಾರೆ: ‘ವ್ಯಕ್ತಿತ್ವ ಎಂಬುದೇ ಇಲ್ಲ ಎಂದು ವಾಲ್ಟರ್ ಮಿಶೆಲ್ ಹೇಳಿದರು.’ ಗೈಡಿನಿಂದ ಬಾಯಿಪಾಠ ಮಾಡಿದ ಈ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಾಗಲೆಲ್ಲ ನನಗೆ ಸಂಕಟವಾಯಿತು. ಏಕೆಂದರೆ ವ್ಯಕ್ತಿತ್ವದ ಸ್ಥಿರತೆ ಎಲ್ಲಿದೆ ಎಂದು ಹುಡುಕುವುದರಲ್ಲಿಯೇ ಮನೋವಿಜ್ಞಾನಿ ಮಿಶೆಲ್ ದಶಕಗಳನ್ನು ಕಳೆದರು.

1968ರ ತಮ್ಮ ಪುಸ್ತಕದಲ್ಲಿ ಮಿಶೆಲ್ ತೋರಿಸಿದ್ದು ಇಷ್ಟು: ಸ್ವಭಾವವನ್ನು ಅಳೆಯುವ ಪ್ರಶ್ನಾವಳಿಯಲ್ಲಿ ಒಬ್ಬನಿಗೆ ಬಂದ ಅಂಕಕ್ಕೂ ನಿಜವಾದ ಒಂದು ಸನ್ನಿವೇಶದಲ್ಲಿ ಅವನು ನಡೆದುಕೊಳ್ಳುವ ರೀತಿಗೂ ಇರುವ ಸಹಸಂಬಂಧ ಗುಣಾಂಕ (ಎರಡು ಸಂಗತಿಗಳಿಗೆ ನಂಟೇ ಇಲ್ಲದಿದ್ದರೆ 0, ಪೂರ್ತಿ ನಂಟಿದ್ದರೆ 1 ಎಂದು ತೋರಿಸುವ ಅಳತೆ) 0.30 ಅನ್ನು ದಾಟುವುದು ಅಪರೂಪ. ವಿದ್ಯಾರ್ಥಿಗಳು ಇದನ್ನು ನೂರಕ್ಕೆ ಮೂವತ್ತು ಎಂದು ಓದಿಕೊಳ್ಳುತ್ತಾರೆ. ಅದರ ವರ್ಗ 0.09, ಅಂದರೆ ಜನರ ವರ್ತನೆಯಲ್ಲಿ ಕಾಣುವ ವ್ಯತ್ಯಾಸದ ನೂರಕ್ಕೆ ಒಂಬತ್ತು ಪಾಲು ಮಾತ್ರ ಆ ಅಂಕಕ್ಕೆ ಹೊಂದಿಕೊಂಡಿರುತ್ತದೆ. ಒಂದು ಪರೀಕ್ಷೆಯಲ್ಲಿ ಮೋಸ ಮಾಡಿದ ಮಗು ಇನ್ನೊಂದೆಡೆಯೂ ಮೋಸ ಮಾಡುತ್ತದೆ ಎಂದು ಹೇಳಲಾಗದೆಂಬುದನ್ನು ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಸಂಶೋಧಕರಿಬ್ಬರು 1928ರಲ್ಲಿಯೇ ಅಮೆರಿಕದ ಶಾಲಾಮಕ್ಕಳಲ್ಲಿ ಕಂಡಿದ್ದರು. ಮಿಶೆಲ್ ಎತ್ತಿದ ಈ ಸಂದೇಹಕ್ಕೆ ಮನೋವಿಜ್ಞಾನಿ ಸೀಮೋರ್ ಎಪ್ಸ್ಟೀನ್ 1979ರಲ್ಲಿ ಉತ್ತರ ಕೊಟ್ಟರು: ಒಂದೊಂದೇ ದಿನವನ್ನು ನೋಡದೆ ಹಲವು ದಿನಗಳ ಸರಾಸರಿ ತೆಗೆದರೆ ಸ್ಥಿರತೆ ತಾನಾಗಿ ಕಾಣುತ್ತದೆ. ಉತ್ತರ ಸರಿಯಾದದ್ದೇ. ಆದರೆ ಸರಾಸರಿಯಲ್ಲಿ ಮನುಷ್ಯನ ಯಾವುದೋ ಒಂದು ಭಾಗ ಕರಗಿಹೋಗುತ್ತದೆ ಎಂಬುದು ನನ್ನ ನಂಬಿಕೆ.

ಆ ಭಾಗವನ್ನು ಹಿಡಿದುಕೊಟ್ಟದ್ದು ಯುಯಿಚಿ ಶೋಡಾ, ಮಿಶೆಲ್ ಮತ್ತು ಜ್ಯಾಕ್ ರೈಟ್ 1994ರಲ್ಲಿ ಪ್ರಕಟಿಸಿದ ಅಧ್ಯಯನ. ನ್ಯೂ ಹ್ಯಾಂಪ್‌ಶೈರ್‌ನ ಬೇಸಿಗೆ ಶಿಬಿರವೊಂದರಲ್ಲಿ 84 ಮಕ್ಕಳನ್ನು ಆರು ವಾರ, ತಲಾ ಸರಾಸರಿ 167 ಗಂಟೆ ಗಮನಿಸಿ, ಜೊತೆಯವರು ಸ್ನೇಹದಿಂದ ಮಾತನಾಡಿಸಿದಾಗ, ಕೆಣಕಿದಾಗ, ದೊಡ್ಡವರು ಹೊಗಳಿದಾಗ, ಎಚ್ಚರಿಸಿದಾಗ, ಶಿಕ್ಷಿಸಿದಾಗ ಪ್ರತಿಯೊಂದು ಮಗುವೂ ಹೇಗೆ ವರ್ತಿಸಿತೆಂದು ದಾಖಲಿಸಲಾಯಿತು. ಒಟ್ಟು ಲೆಕ್ಕದಲ್ಲಿ ಸಮಾನವಾಗಿ ಜಗಳಗಂಟರೆನಿಸುವ ಇಬ್ಬರಲ್ಲಿ ಒಬ್ಬ ದೊಡ್ಡವರು ಗದರಿದರೆ ಮಾತ್ರ ಸಿಡಿಯುವವನಾಗಿರಬಹುದು, ಇನ್ನೊಬ್ಬ ಜೊತೆಯವರು ಹತ್ತಿರ ಬಂದರೇ ಸಿಡಿಯುವವನಾಗಿರಬಹುದು. ಈ ವಿನ್ಯಾಸ ಎಷ್ಟೋ ಮಕ್ಕಳಲ್ಲಿ ಮತ್ತೆ ಮತ್ತೆ ಹಾಗೆಯೇ ಮರುಕಳಿಸಿತು. ‘ಮುಂಗೋಪಿ’ ಎಂಬ ಒಂದೇ ಪದ ಆ ಇಬ್ಬರನ್ನೂ ಒಂದೇ ಮಾಡಿಬಿಡುತ್ತದೆ. ಸಂಶೋಧಕರು ಇಂಗ್ಲಿಷಿನ ‘ಇಫ್’ (ಹೀಗಾದರೆ) ಮತ್ತು ‘ದೆನ್’ (ಆಗ ಹೀಗೆ) ಎಂಬ ಎರಡು ಪದಗಳನ್ನು ಜೋಡಿಸಿ ಈ ವಿನ್ಯಾಸಕ್ಕೆ ಹೆಸರಿಟ್ಟರು. ಕನ್ನಡದಲ್ಲಿ ಅದು ಕ್ರಿಯಾಪದದ ಕೊನೆಯ ‘ರೆ’ಯಲ್ಲಿ ಸಹಜವಾಗಿಯೇ ಕುಳಿತಿದೆ: ಕೆಣಕಿದರೆ, ಗದರಿದರೆ, ಹೊಗಳಿದರೆ. ಇಷ್ಟು ವರ್ಷ ಪಾಠ ಮಾಡಿಯೂ ಇದನ್ನು ತರಗತಿಯಲ್ಲಿ ನಾನು ಬಳಸಿಕೊಂಡಿರಲಿಲ್ಲ.

ಕಟ್ಟಿನ ಕೊನೆಯ ಪತ್ರಿಕೆಯಲ್ಲಿ ಒಬ್ಬ ವಿದ್ಯಾರ್ಥಿನಿ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದು, ಪೂರ್ತಿ ಹೋಗದಂತೆ ಅಳಿಸಿದ್ದಳು: ‘ನಮ್ಮಜ್ಜಿ ಮನೆಯಲ್ಲಿ ಎಲ್ಲರ ಮೇಲೂ ಸಿಡುಕುತ್ತಾರೆ. ಕೊಟ್ಟಿಗೆಗೆ ಹೋದರೆ ದನಗಳ ಹತ್ತಿರ ಮೆತ್ತಗೆ ಮಾತನಾಡುತ್ತಾರೆ. ಅವರದು ಯಾವ ಗುಣ ಎಂದು ಬರೆಯಬೇಕು ಮೇಡಂ?’ ದೀಪದ ಕೆಳಗೆ ಹಾಳೆಯನ್ನು ಓರೆ ಹಿಡಿದು ಎರಡು ಬಾರಿ ಓದಿದೆ. ಅವಳ ಒಪ್ಪಿಗೆ ಪಡೆದು, ನಾಳೆ ಮೊದಲ ಅವಧಿಯಲ್ಲಿ ಈ ಸಾಲುಗಳನ್ನೇ ಕಪ್ಪುಹಲಗೆಯ ಮೇಲೆ ಬರೆದು ಪಾಠ ಆರಂಭಿಸಬೇಕು.